ಏರೋ ದ್ವೀಪದ ಪೇಟೆ: ಒಂದು ಸನ್ನದು, ಎರಡು ಊರು



ರಜೆಯ ದಿನಗಳು ಸಮೀಪಿಸುತ್ತಿದ್ದಂತೆ ನಮ್ಮಲ್ಲಿ ಯೂರೋಪ್ ಪ್ರವಾಸದ ಮಾತು ಮೊದಲಾಗುತ್ತದೆ. ಪ್ಯಾರಿಸ್ಸಿನ ಗೋಪುರ, ರೋಮಿನ ಭಗ್ನಾವಶೇಷ, ಸ್ವಿಟ್ಜರ್ಲೆಂಡಿನ ಹಿಮ ಇವುಗಳಿಗೆ ನಮ್ಮವರ ಮನಸ್ಸು ತಾನಾಗಿಯೇ ಹೊರಳುವುದು ಸಹಜ. ಇಂದು ನಾನು ಹೇಳಹೊರಟಿರುವುದು ಅಂಥ ಹೆಸರಾಂತ ಸ್ಥಳವನ್ನು ಕುರಿತಲ್ಲ. ಡೆನ್ಮಾರ್ಕ್ ದೇಶದ ದಕ್ಷಿಣದ ಕಡಲಿನಲ್ಲಿ ಏರೋ ಎಂಬ ದ್ವೀಪವಿದೆ. ಉದ್ದ ಸುಮಾರು 30 ಕಿಲೋಮೀಟರ್, ಅಗಲ ಹೆಚ್ಚೆಂದರೆ 8. ಒಟ್ಟು ವಿಸ್ತೀರ್ಣ 88 ಚದರ ಕಿಲೋಮೀಟರ್. ಜನಸಂಖ್ಯೆ ಆರು ಸಾವಿರದ ಆಸುಪಾಸು. ನಮ್ಮ ಕಡೆಯ ಒಂದು ಹೋಬಳಿಯಷ್ಟು ನೆಲ. ಅದರ ಉತ್ತರದ ದಂಡೆಯ ಮೇಲೆ, ಸಾವಿರ ಜನರೂ ಇಲ್ಲದ ಒಂದು ಪುಟ್ಟ ಊರು. ಅದರ ಹೆಸರು ಏರೋಸ್ಕೋಬಿಂಗ್.

ಹೆಸರು ನಾಲಿಗೆಗೆ ತೊಡಕೆನಿಸಿದರೂ ಅರ್ಥ ಬಲು ಸರಳ. 'ಕೋಬಿಂಗ್' ಎಂದರೆ ವ್ಯಾಪಾರದ ಸ್ಥಳ, ಪೇಟೆ. 'ಏರೋ ದ್ವೀಪದ ಪೇಟೆ' ಎಂಬುದೇ ಊರಿನ ಹೆಸರು. ನಮ್ಮ ಹೊಸಪೇಟೆ, ಬಳೇಪೇಟೆ, ಚಿಕ್ಕಪೇಟೆಗಳ ದೂರದ ಬಂಧು ಎನ್ನಬಹುದು. ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್ ಎಂಬ ಹೆಸರಿನಲ್ಲಿಯೂ ವರ್ತಕರ ಬಂದರು ಎಂಬ ಅರ್ಥವೇ ಅಡಗಿದೆ. ಇಂಗ್ಲೆಂಡಿನಲ್ಲಿ ಚಿಪ್ಪಿಂಗ್ ಎಂದು ಮೊದಲಾಗುವ ಊರುಗಳಿವೆಯಲ್ಲ, ಅವೂ ಇದೇ ಕುಲದವು.

ಆದರೆ ಆ ಕಾಲದಲ್ಲಿ ಪೇಟೆ ಎಂಬುದು ಬರಿಯ ವರ್ಣನೆಯಾಗಿರಲಿಲ್ಲ, ಅದೊಂದು ಹಕ್ಕು. ಯಾವ ಊರಿನಲ್ಲಿ ಮಾರಾಟ ನಡೆಯಬಹುದು, ಯಾವ ಊರಿನಲ್ಲಿ ಕಮ್ಮಾರ, ಚಮ್ಮಾರ, ನೇಕಾರರು ಕಸುಬು ಮಾಡಬಹುದು, ಯಾವ ದಂಡೆಯಲ್ಲಿ ಸರಕು ಇಳಿಸಬಹುದು ಎಂಬುದನ್ನು ಅರಸನು ಸನ್ನದಿನ ಮೂಲಕ ನಿರ್ಧರಿಸುತ್ತಿದ್ದನು. ಸಂತೆಯನ್ನು ಸ್ಥಾಪಿಸಿ ಸುಂಕದಲ್ಲಿ ವಿನಾಯಿತಿ ಕೊಟ್ಟ ದಾಖಲೆಗಳೂ ಪಟ್ಟಣಸ್ವಾಮಿ ಎಂಬ ವರ್ತಕ ಪ್ರಮುಖನ ಹೆಸರೂ ನಮ್ಮ ಕನ್ನಡ ಶಾಸನಗಳಲ್ಲಿ ಹೇರಳವಾಗಿ ಸಿಗುತ್ತವೆ. ಆದ್ದರಿಂದ ಈ ವ್ಯವಸ್ಥೆ ನಮಗೆ ತೀರ ಅಪರಿಚಿತವಲ್ಲ. ಏರೋಸ್ಕೋಬಿಂಗಿಗೆ ಅಂಥ ಪೇಟೆಯ ಸನ್ನದು ದೊರೆತದ್ದು 1522ರಲ್ಲಿ. ಅಂದಿನಿಂದ ಇಡೀ ದ್ವೀಪಕ್ಕೆ ಅಧಿಕೃತ ಮಾರುಕಟ್ಟೆ ಅದೊಂದೇ. ರೈತನು ತನ್ನ ಧಾನ್ಯವನ್ನು ಅಲ್ಲಿಗೇ ತರಬೇಕು, ಉಪ್ಪು ಕಬ್ಬಿಣಗಳನ್ನು ಅಲ್ಲಿಂದಲೇ ಕೊಳ್ಳಬೇಕು.

ಈ ಒಂದು ಸನ್ನದಿನಿಂದ ಒಂದಲ್ಲ, ಎರಡು ಊರುಗಳು ಬೆಳೆದವು ಎಂಬುದೇ ನನ್ನ ಇಂದಿನ ಮಾತಿನ ತಿರುಳು. ಪ್ರವಾಸಿ ಕೈಪಿಡಿಗಳು ಮೊದಲನೆಯದನ್ನು 'ಕಾಲ್ಪನಿಕ ಕಥೆಯ ಊರು' ಎಂದು ಹೊಗಳಿ, ಎರಡನೆಯದಕ್ಕೆ ಒಂದೆರಡು ಸಾಲು ಕೊಟ್ಟು ಮುಗಿಸಿಬಿಡುತ್ತವೆ. ನನ್ನ ದೃಷ್ಟಿಯಲ್ಲಿ ಅದು ಅನ್ಯಾಯ.

ಎರಡನೆಯ ಊರು ದ್ವೀಪದ ಪೂರ್ವದ ತುದಿಯಲ್ಲಿರುವ ಮಾರ್ಸ್ತಾಲ್. ಅದು ಮೀನುಗಾರರ, ನಾವಿಕರ ಹಳ್ಳಿ. ಅಲ್ಲಿಯವರಿಗೆ ಅಂಗಡಿ ತೆರೆಯುವ ಹಕ್ಕಿಲ್ಲ. ಪೇಟೆಯ ವರ್ತಕರು ತಮ್ಮ ಏಕಸ್ವಾಮ್ಯವನ್ನು ಬಿಟ್ಟುಕೊಡಲು ಸಿದ್ಧರಿಲ್ಲ. ನೆಲದ ಮೇಲೆ ಬಾಗಿಲು ಮುಚ್ಚಿದ್ದರಿಂದ ಮಾರ್ಸ್ತಾಲಿನವರು ನೀರಿನ ಕಡೆಗೆ ತಿರುಗಿದರು. ತಮ್ಮ ಸರಕನ್ನು ಮಾರುವಂತಿಲ್ಲವಾದರೆ ಪರರ ಸರಕನ್ನು ಹೊರಬಹುದಲ್ಲ! ಹದಿನೆಂಟನೆಯ ಶತಮಾನದಲ್ಲಿ ಅವರ ಸಣ್ಣ ಹಡಗುಗಳು ಬಾಲ್ಟಿಕ್ ಸಮುದ್ರದ ಬಂದರುಗಳ ನಡುವೆ ಓಡಾಡತೊಡಗಿದವು. ಹತ್ತೊಂಬತ್ತನೆಯ ಶತಮಾನದ ಕೊನೆಯ ವೇಳೆಗೆ ಆ ಊರಿನ ಹೆಸರಿನಲ್ಲಿ 300ಕ್ಕೂ ಹೆಚ್ಚು ಹಡಗುಗಳಿದ್ದವು. ಹಡಗುಗಳ ಸಂಖ್ಯೆಯಲ್ಲಿ ಡೆನ್ಮಾರ್ಕಿನಲ್ಲಿ ಕೋಪನ್‌ಹೇಗನ್ನಿನ ನಂತರದ ಸ್ಥಾನ ಈ ಪುಟ್ಟ ಊರಿನದು. ಸನ್ನದು ಹಿಡಿದು ಕುಳಿತ ಪೇಟೆ ಹಿಂದುಳಿಯಿತು, ಸನ್ನದು ಇಲ್ಲದ ಹಳ್ಳಿ ಮುಂದೆ ಹೋಯಿತು.

ಮಾರ್ಸ್ತಾಲಿನ ಬಂದರಿಗೆ ಹೋದವರು ಅಲ್ಲಿಯ ಅಲೆತಡೆ ಗೋಡೆಯನ್ನು ನೋಡಬೇಕು. ಸುಮಾರು ಒಂದು ಕಿಲೋಮೀಟರ್ ಉದ್ದದ ಆ ಗೋಡೆಯ ಕೆಲಸ 1825ರಲ್ಲಿ ಆರಂಭವಾಯಿತು. ಅರಸನ ಖಜಾನೆ ಅದನ್ನು ಕಟ್ಟಿಸಿಕೊಡಲಿಲ್ಲ. ಹಡಗುಗಳು ಮನೆಗೆ ಮರಳಿ ನಿಂತಿರುತ್ತಿದ್ದ ಚಳಿಗಾಲದ ತಿಂಗಳುಗಳಲ್ಲಿ ಊರವರೇ ಹೆಬ್ಬಂಡೆಗಳನ್ನು ಸಾಗಿಸಿ, ಒಂದರ ಮೇಲೊಂದು ಹೇರಿ ಅದನ್ನು ನಿರ್ಮಿಸಿದರು. ಯಾವ ಶಿಲ್ಪವೂ ಇಲ್ಲದ ಒರಟು ಕಲ್ಲಿನ ಸಾಲು. ಆದರೂ ದ್ವೀಪದ ಎಲ್ಲ ಕಟ್ಟಡಗಳಿಗಿಂತ ಹೆಚ್ಚಾಗಿ ನನ್ನ ಮನಸ್ಸಿನಲ್ಲಿ ನಿಂತಿರುವುದು ಅದು.

ಇಷ್ಟು ಹೇಳಿದ ಮೇಲೆ ರಾಜಕೀಯ ಇತಿಹಾಸವನ್ನು ಸ್ವಲ್ಪ ತಿಳಿಸದೆ ವಿಧಿಯಿಲ್ಲ. ಏರೋ ದ್ವೀಪ ಭಾಷೆಯಲ್ಲಿ, ಸಂಸ್ಕೃತಿಯಲ್ಲಿ ಡೇನಿಷ್ ಆಗಿದ್ದರೂ ಶತಮಾನಗಳ ಕಾಲ ಡೆನ್ಮಾರ್ಕ್ ರಾಜ್ಯದ ಅಂಗವಾಗಿರಲಿಲ್ಲ. ಅದು ಶ್ಲೇಸ್ವಿಗ್ ಎಂಬ ಡ್ಯೂಕನ ಸಂಸ್ಥಾನಕ್ಕೆ ಸೇರಿತ್ತು. ಹದಿನಾರನೆಯ ಶತಮಾನದಲ್ಲಿ ಅದು ಸೋನರ್‌ಬೋರ್ಗಿನ ಕಿರಿಯ ಹಾನ್ಸ್ ಎಂಬ ಡ್ಯೂಕನ ಕೈ ಸೇರಿತು. ದ್ವೀಪದ ಪಶ್ಚಿಮ ಭಾಗದಲ್ಲಿರುವ ಸೋಬಿಗೋರ್ ಎಂಬ ಗಢಿಮನೆಯನ್ನು ಕಟ್ಟಿಸಿದವನು ಇವನೇ. 1622ರಲ್ಲಿ ಅವನು ತೀರಿಕೊಂಡ ಮೇಲೆ ಅಣ್ಣತಮ್ಮಂದಿರ ಪಾಲುಪಾರೀಕತ್ತಿನಲ್ಲಿ ಈ ಚಿಕ್ಕ ದ್ವೀಪವೂ ತುಂಡಾಯಿತು! ಒಂದಾಗಿ ಮತ್ತೆ ರಾಜನ ಕೈಗೆ ಬಂದದ್ದು ಹದಿನೆಂಟನೆಯ ಶತಮಾನದ ನಡುವಿನಲ್ಲಿ. ಆಸ್ತಿಯ ಪಾಲಿನ ಜಗಳಕ್ಕೆ ನಮ್ಮ ಮಲೆನಾಡಿನ ಮನೆಗಳೇ ಬೇಕೆಂದಿಲ್ಲ.

ಸಂಸ್ಥಾನದ ಡ್ಯೂಕನೂ ಡೆನ್ಮಾರ್ಕಿನ ಅರಸನೂ ಕಡೆಗೆ ಒಬ್ಬನೇ ವ್ಯಕ್ತಿಯಾದರೂ ಕಾನೂನು ಮಾತ್ರ ಬೇರೆ ಬೇರೆಯಾಗಿಯೇ ಉಳಿಯಿತು. ಡೆನ್ಮಾರ್ಕ್ ರಾಜ್ಯಕ್ಕೆ 1683ರ ಸಂಹಿತೆ ಅನ್ವಯಿಸಿದರೆ, ಶ್ಲೇಸ್ವಿಗ್‌ಗೆ 1241ರ ಹಳೆಯ ಯೂಟ್‌ಲೆಂಡ್ ಕಾನೂನು. ಸುಂಕದ ದರವೂ ಬೇರೆ. ಸಂಸ್ಥಾನದಲ್ಲಿ ಕಡಿಮೆ, ರಾಜ್ಯದಲ್ಲಿ ಹೆಚ್ಚು. ಕಣ್ಣಳತೆಯ ದೂರದಲ್ಲಿರುವ ಫ್ಯೂನ್ ದ್ವೀಪ ರಾಜ್ಯಕ್ಕೆ ಸೇರಿದ್ದು. ನಡುವೆ ಕೆಲವು ಮೈಲಿಗಳ ನೀರು, ಕತ್ತಲೆ ಬೀಳುವ ರಾತ್ರಿಗಳು, ದೋಣಿ ನಡೆಸಲು ಬಲ್ಲ ಜನ. ಇನ್ನೇನು ಬೇಕು? ಏರೋ ದ್ವೀಪ ಕಳ್ಳಸಾಗಣೆಗೆ ಹೆಸರಾಯಿತು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಸುಂಕದ ಗಡಿ ಬದಲಾಗುವವರೆಗೆ ಈ ಲಾಭ ನಡೆಯಿತು. ಈಗ ಆ ಊರಿನ ಓಣಿಗಳಲ್ಲಿ ನಡೆಯುವಾಗ ಆ ಗೌರವಾನ್ವಿತ ಬಾಗಿಲುಗಳ ಹಿಂದಿನ ಉಗ್ರಾಣಗಳಲ್ಲಿ ಏನೇನು ಅಡಗಿತ್ತೋ ಎಂದು ಕುತೂಹಲವಾಗುತ್ತದೆ.

1864ರಲ್ಲಿ ಪ್ರಷ್ಯ ಮತ್ತು ಆಸ್ಟ್ರಿಯಗಳೊಡನೆ ನಡೆದ ಯುದ್ಧದಲ್ಲಿ ಡೆನ್ಮಾರ್ಕ್ ಸೋತಿತು. ಅದೇ ವರ್ಷದ ಅಕ್ಟೋಬರ್ 30ರ ವಿಯೆನ್ನಾ ಒಪ್ಪಂದದಂತೆ ಶ್ಲೇಸ್ವಿಗ್ ಸಂಸ್ಥಾನವನ್ನೇ ಅದು ಕಳೆದುಕೊಂಡಿತು. ನ್ಯಾಯವಾಗಿ ಏರೋ ಕೂಡ ಹೋಗಬೇಕಾಗಿತ್ತು. ಆದರೆ ಶ್ಲೇಸ್ವಿಗ್ಗಿನ ಪಶ್ಚಿಮದ ಕಡಲಂಚಿನಲ್ಲಿ ಡೆನ್ಮಾರ್ಕ್ ಅರಸನಿಗೆ ನೇರವಾಗಿ ಸೇರಿದ್ದ ಕೆಲವು ಬಿಡಿ ಪ್ರದೇಶಗಳಿದ್ದವು. ಆಮ್ರುಮ್ ದ್ವೀಪ, ಫೋರ್ ದ್ವೀಪದ ಪಶ್ಚಿಮ ಭಾಗ ಮುಂತಾದವು. ಅವುಗಳನ್ನು ಬಿಟ್ಟುಕೊಟ್ಟು, ಪ್ರತಿಯಾಗಿ ಏರೋ ದ್ವೀಪವನ್ನೂ, ರೀಬೆ ಪಟ್ಟಣದ ಸುತ್ತಿನ ಪ್ರದೇಶವನ್ನೂ, ಕೋಲ್ಡಿಂಗ್ ದಕ್ಷಿಣದ ಎಂಟು ಪ್ಯಾರಿಷ್‌ಗಳನ್ನೂ ಡೆನ್ಮಾರ್ಕ್ ಉಳಿಸಿಕೊಂಡಿತು. ದ್ವೀಪದ ಜನರಿಗೆ ಇದು ಮೇಜಿನ ಮೇಲೆ ನಕ್ಷೆ ಹರಡಿ ನಡೆಸಿದ ವಿನಿಮಯ. ಆಮ್ರುಮ್‌ನವರು ಜರ್ಮನರಾದರು, ಏರೋದವರು ಡೇನರಾಗಿ ಉಳಿದರು.

ಈ ಉಳಿವಿಗೂ ಬೆಲೆ ತೆರಬೇಕಾಯಿತು. ಪಶ್ಚಿಮದಲ್ಲಿರುವ ಆಲ್ಸ್ ದ್ವೀಪವೂ ಸೋನರ್‌ಬೋರ್ಗ್, ಫ್ಲೆನ್ಸ್‌ಬೋರ್ಗ್ ಪಟ್ಟಣಗಳೂ ಏರೋಸ್ಕೋಬಿಂಗಿನ ಸಹಜವಾದ ನೆರೆಹೊರೆ. ಅವೆಲ್ಲ ಒಂದೇ ಬಾರಿಗೆ ಪರದೇಶವಾದವು; ನೀರಿನ ಮೇಲೆ ಗೆರೆ ಎಳೆದಂತಾಯಿತು. ಆಲ್ಸ್ ಮತ್ತೆ ಡೆನ್ಮಾರ್ಕಿಗೆ ಮರಳಿದ್ದು 1920ರ ಜನಮತಗಣನೆಯ ನಂತರ. ಈ ನಡುವಿನ ಐವತ್ತಾರು ವರ್ಷಗಳಲ್ಲಿ ಡೆನ್ಮಾರ್ಕಿನ ಉಳಿದ ಪೇಟೆಗಳಿಗೆ ರೈಲು ಬಂತು, ಕಾರ್ಖಾನೆ ಬಂತು, ಹಳೆಯ ಮನೆಗಳನ್ನು ಕೆಡವಿ ಮಹಡಿ ಕಟ್ಟಡಗಳನ್ನು ಕಟ್ಟಿದರು. ಏರೋ ದ್ವೀಪಕ್ಕೆ ರೈಲು ಬರಲೇ ಇಲ್ಲ. ಏರೋಸ್ಕೋಬಿಂಗಿನ ವರ್ತಕನಲ್ಲಿ ಹಳೆಯ ಮನೆ ಕೆಡವಿ ಹೊಸದು ಕಟ್ಟುವಷ್ಟು ಹಣ ಸೇರಲಿಲ್ಲ. ನಾವು ಇಂದು ಕ್ಯಾಮರಾ ಹಿಡಿದು ಮೆಚ್ಚುವ ಆ ಚೆಲುವು ಬಹುಮಟ್ಟಿಗೆ ಈ ಬಡತನದ ಫಲ. ಸೌಂದರ್ಯಪ್ರಜ್ಞೆ ಆಮೇಲೆ ಬಂತು. ಅದು ಬರುವವರೆಗೆ ಊರನ್ನು ಕಾಪಾಡಿದ್ದು ಕೈಯಲ್ಲಿ ಕಾಸಿಲ್ಲದ ಸ್ಥಿತಿ.

ಇನ್ನು ಊರೊಳಗೆ ಹೋಗೋಣ. ಫ್ಯೂನ್ ದ್ವೀಪದ ಸ್ವೆಂಡ್‌ಬೋರ್ಗಿನಿಂದ ಫೆರ್ರಿಯಲ್ಲಿ ಒಂದೂಕಾಲು ಗಂಟೆ. ಇಳಿದ ಕೂಡಲೇ ಎದುರಿಗೆ ಬೀದಿ. ಮಧ್ಯಯುಗದ ಓಣಿಗಳ ವಿನ್ಯಾಸ ಇಂದಿಗೂ ಹಾಗೆಯೇ ಇದೆ. ನೆಲಕ್ಕೆ ಉರುಟು ಕಲ್ಲಿನ ಹಾಸು. ಹಿಮ್ಮಡಿ ಎತ್ತರದ ಪಾದರಕ್ಷೆ ತೊಟ್ಟು ಬರುವವರಿಗೆ ವೈದ್ಯನಾಗಿ ನನ್ನ ಎಚ್ಚರಿಕೆ ಇದೆ. ಎರಡೂ ಕಡೆ ಒಂದಂತಸ್ತಿನ ಸಣ್ಣ ಮನೆಗಳು, ಮರದ ಚೌಕಟ್ಟಿನ ನಡುವೆ ಇಟ್ಟಿಗೆ ತುಂಬಿದ ಗೋಡೆಗಳು, ಹಳದಿ ಕೆಂಪು ನೀಲಿಯ ಬಣ್ಣ, ಕೆತ್ತನೆಯ ಬಾಗಿಲುಗಳು. ಗೋಡೆಯ ಬುಡದಲ್ಲಿ ಕಲ್ಲು ಸಂದಿಯಿಂದಲೇ ಆಳೆತ್ತರ ಬೆಳೆದ ಹಾಲಿಹಾಕ್ ಹೂಗಿಡಗಳು. ಅತ್ಯಂತ ಹಳೆಯ ಮನೆ 1645ರದು. ಕೆಲವು ಕಿಟಕಿಗಳ ಹೊರಗೆ ಪುಟ್ಟ ಕನ್ನಡಿಗಳನ್ನು ಓರೆಯಾಗಿ ಸಿಕ್ಕಿಸಿದ್ದಾರೆ. ಒಳಗೆ ಹೆಣಿಗೆ ಹೆಣೆಯುತ್ತ ಕುಳಿತ ಗೃಹಿಣಿ ತಲೆ ಹೊರಳಿಸದೆಯೇ ಬೀದಿಯಲ್ಲಿ ಯಾರು ಬಂದರು, ಯಾರ ಮನೆಗೆ ಹೋದರು ಎಂಬುದನ್ನು ತಿಳಿಯಬಹುದು. ನಮ್ಮ ಅಗ್ರಹಾರಗಳ ಜಗಲಿ ಮಾಡುತ್ತಿದ್ದ ಕೆಲಸವನ್ನು ಚಳಿದೇಶದಲ್ಲಿ ಕನ್ನಡಿ ಮಾಡಿದೆ.

ಕಿಟಕಿಗಳಲ್ಲಿ ಜೋಡಿ ಪಿಂಗಾಣಿ ನಾಯಿಗಳೂ ಕಾಣುತ್ತವೆ. ನಾವಿಕರು ಇಂಗ್ಲೆಂಡಿನಿಂದ ತರುತ್ತಿದ್ದ ಗೊಂಬೆಗಳಿವು. ನಾಯಿಗಳು ಹೊರಗೆ ಮುಖ ಮಾಡಿದ್ದರೆ ಮನೆಯ ಯಜಮಾನ ಕಡಲಿನಲ್ಲಿದ್ದಾನೆ, ಒಳಗೆ ಮುಖ ಮಾಡಿದ್ದರೆ ಮರಳಿ ಬಂದಿದ್ದಾನೆ ಎಂದು ಹೇಳುವರು. ಈ ಗೊಂಬೆಗಳು ನಾವಿಕರ ಕೈಸೇರಿದ ಬಗೆಯನ್ನು ಕುರಿತು ಇನ್ನೊಂದು ಕಥೆಯೂ ಉಂಟು. ಮಕ್ಕಳೂ ಕುಳಿತಿರುವ ಸಭೆಯಲ್ಲಿ ಅದು ಬೇಡ.

ಬಂದರಿನ ಬಳಿ ಒಂದು ಪುಟ್ಟ ಬಿಳಿ ಕಟ್ಟಡವಿದೆ. ಅದನ್ನು ಅಡಿಗೆಮನೆ ಎಂದು ಕರೆಯುತ್ತಾರೆ. ಮರದ ಹಡಗು, ಟಾರು, ಸೆಣಬಿನ ಹಗ್ಗ ಇರುವಲ್ಲಿ ಒಂದು ಕಿಡಿ ಸಾಕು, ಇಡೀ ಬಂದರು ಉರಿದುಹೋಗುತ್ತದೆ. ಆದುದರಿಂದ ಬಂದರಿನಲ್ಲಿ ನಿಂತ ಹಡಗಿನ ಮೇಲೆ ಒಲೆ ಹಚ್ಚುವುದು ನಿಷಿದ್ಧ. ನಾವಿಕರು ದಡಕ್ಕೆ ಬಂದು ಇಲ್ಲಿ ಅಡಿಗೆ ಮಾಡಿಕೊಳ್ಳಬೇಕಾಗಿತ್ತು. ಅರಮನೆ, ಚರ್ಚುಗಳಿಗಿಂತ ಇಂಥ ಕಟ್ಟಡಗಳಲ್ಲಿಯೇ ಹಳೆಯ ಕಾಲದ ದಿನಚರಿ ನಮಗೆ ಹತ್ತಿರವಾಗುತ್ತದೆ.

ಹಿಂದೆ ಅನಾಥಾಲಯದಂತೆ ಊರಿನ ಬಡವರಿಗೆ ಆಶ್ರಯವಾಗಿದ್ದ ಮನೆಯೊಂದು ಈಗ ಸೀಸೆಯೊಳಗಿನ ಹಡಗುಗಳ ವಸ್ತುಸಂಗ್ರಹಾಲಯ. ಪೀಟರ್ ಯಾಕೋಬ್‌ಸೆನ್ ಎಂಬಾತ ಹಡಗಿನ ಅಡಿಗೆಯವನಾಗಿ ಲೋಕ ಸುತ್ತಿದವನು. 'ಸೀಸೆ ಪೀಟರ್' ಎಂದೇ ಅವನ ಅಡ್ಡಹೆಸರು. ಜೀವಮಾನದಲ್ಲಿ ಸುಮಾರು 1,700 ಹಡಗುಗಳನ್ನು ಸೀಸೆಗಳೊಳಗೆ ಕೂರಿಸಿದನು. 1943ರಲ್ಲಿ, ದೇಶ ಜರ್ಮನರ ವಶದಲ್ಲಿದ್ದಾಗ, ಅವನ ಸಂಗ್ರಹಾಲಯ ತೆರೆಯಿತು. ಮಡಿಚಿದ ಪಟಗಳನ್ನು ಸೀಸೆಯ ಕತ್ತಿನೊಳಗೆ ತೂರಿಸಿ, ಆಮೇಲೆ ದಾರ ಎಳೆದು ಪಟಸ್ತಂಭಗಳನ್ನು ಎಬ್ಬಿಸುವ ಆ ಕೈಚಳಕ ಶಸ್ತ್ರವೈದ್ಯರನ್ನೂ ನಾಚಿಸುವಂಥದು. 1960ರಲ್ಲಿ ತೀರಿಕೊಂಡ ಆತ ತನ್ನ ಸಮಾಧಿಯ ಶಿಲುಬೆಯನ್ನೂ ತಾನೇ ಮಾಡಿಟ್ಟಿದ್ದನು, ಅದರಲ್ಲಿಯೂ ಸೀಸೆಗಳೇ!

ಇಲ್ಲಿಂದ ಮಾರ್ಸ್ತಾಲಿಗೆ ಹೋದರೆ ಚೆಲುವು ಕಡಿಮೆ, ಇತಿಹಾಸ ಹೆಚ್ಚು. ಬೀದಿಗಳೆಲ್ಲ ನೀರಿನತ್ತ ಇಳಿಯುತ್ತವೆ. ಮಾರ್ಸ್ತಾಲಿನ ಸ್ಕೂನರ್ ಹಡಗುಗಳು ಅಟ್ಲಾಂಟಿಕ್ ದಾಟಿ ನ್ಯೂಫೌಂಡ್‌ಲೆಂಡಿನಿಂದ ಉಪ್ಪುಹಾಕಿದ ಮೀನನ್ನು ಪೋರ್ಚುಗಲ್, ಸ್ಪೇನುಗಳಿಗೆ ಹೊತ್ತು ತರುತ್ತಿದ್ದವು. ಹಬೆಯ ಹಡಗುಗಳು ಬಂದ ಮೇಲೂ, ಯಾರೂ ಮಾಡಲೊಲ್ಲದ ಈ ಅಪಾಯದ ಚಳಿಗಾಲದ ದಾರಿಯಲ್ಲಿ ಪಟದ ಹಡಗುಗಳನ್ನೇ ನಡೆಸಿದರು. ಎಷ್ಟೋ ಹಡಗುಗಳು ಮರಳಲಿಲ್ಲ. ಮುಳುಗಿದ್ದನ್ನು ಕಂಡವರಿಲ್ಲ, ಸುದ್ದಿ ತಂದವರಿಲ್ಲ.

ಈ ಒಂದು ವಿಷಯದಲ್ಲಿ ನನ್ನ ವೃತ್ತಿಯ ಅನುಭವ ಮಾತನಾಡುತ್ತದೆ. ಆಸ್ಪತ್ರೆಯಲ್ಲಿ ಸಾವು ಸಂಭವಿಸಿದಾಗ ನಾವು ವೇಳೆ ಬರೆಯುತ್ತೇವೆ, ಕಾರಣ ಬರೆಯುತ್ತೇವೆ, ಮನೆಯವರನ್ನು ಒಳಗೆ ಕರೆದು ಮುಖ ತೋರಿಸುತ್ತೇವೆ. ಆ ಮುಖವನ್ನು ಒಮ್ಮೆ ನೋಡುವುದಕ್ಕೆ ಎಷ್ಟು ಬೆಲೆ ಇದೆ ಎಂಬುದು ನೋಡಲಾಗದೆ ಹೋದವರಿಗೆ ಮಾತ್ರ ಗೊತ್ತು. ದೂರ ದೇಶದಲ್ಲಿರುವ ನಮ್ಮಲ್ಲಿ ಎಷ್ಟು ಜನ ತಾಯಿಯ, ತಂದೆಯ ಕೊನೆಯ ದರ್ಶನಕ್ಕೆ ತಲಪಲಾರದೆ ವಿಮಾನ ನಿಲ್ದಾಣದಲ್ಲಿ ಕುಳಿತು ಅತ್ತಿದ್ದೇವೆ! ಮಾರ್ಸ್ತಾಲಿನ ಹೆಂಗಸರಿಗೆ ದಿನಾಂಕವೂ ಇರಲಿಲ್ಲ. ಹಡಗು ಇಂಥ ಬಂದರಿನಿಂದ ಹೊರಟಿತು ಎಂಬ ಒಂದು ಕಾಗದ, ಆಮೇಲೆ ಮೌನ. ಎಷ್ಟು ತಿಂಗಳ ನಂತರ ಕಪ್ಪು ಬಟ್ಟೆ ಉಡಬೇಕು? ಅಲ್ಲಿಯ ಚರ್ಚಿನಲ್ಲಿ ಛಾವಣಿಯಿಂದ ತೂಗುಬಿಟ್ಟ ಹರಕೆಯ ಹಡಗುಗಳಿವೆ. ಬಲಿಪೀಠದ ಮೇಲಿನ ಚಿತ್ರ 1881ರದು. ಬಿರುಗಾಳಿಯನ್ನು ಯೇಸು ಶಾಂತಗೊಳಿಸುತ್ತಿರುವ ದೃಶ್ಯ. ಊರವರ ಮುಖಗಳನ್ನೇ ಮಾದರಿಯಾಗಿಟ್ಟು ಶಿಷ್ಯರನ್ನು ಚಿತ್ರಿಸಿದನೆಂದು ಹೇಳುವರು. ಬರೆದ ಕಾರ್ಲ್ ರಾಸ್‌ಮುಸ್ಸೆನ್ ಹುಟ್ಟಿದ್ದು ಏರೋಸ್ಕೋಬಿಂಗಿನಲ್ಲಿ, ನೆಲೆಸಿದ್ದು ಮಾರ್ಸ್ತಾಲಿನಲ್ಲಿ. 1893ರಲ್ಲಿ ಗ್ರೀನ್‌ಲೆಂಡಿನಿಂದ ಮರಳುವಾಗ ಅವನೂ ಹಡಗಿನಿಂದ ಬಿದ್ದು ಕಡಲಿನ ಪಾಲಾದನು.

ಈ ಊರಿನಲ್ಲಿಯೇ ಹುಟ್ಟಿದ ಕಾರ್ಸ್ಟನ್ ಯೆನ್‌ಸೆನ್ 2006ರಲ್ಲಿ 'ನಾವು, ಮುಳುಗಿದವರು' ಎಂಬ ಅರ್ಥದ ಹೆಸರಿನ ಬೃಹತ್ ಕಾದಂಬರಿಯನ್ನು ಪ್ರಕಟಿಸಿದರು. ಮಾರ್ಸ್ತಾಲಿನ ಸುಮಾರು ನೂರು ವರ್ಷಗಳ ಬದುಕು ಅದರಲ್ಲಿದೆ, ಇಂಗ್ಲಿಷಿನಲ್ಲಿಯೂ ಸಿಗುತ್ತದೆ. ಹೋಗುವ ಮುಂಚೆ ಓದಿಕೊಂಡು ಹೋಗಿ.

ಡೇನರ ಕಡಲಿನ ಕೈ ನಮ್ಮ ದೇಶದವರೆಗೂ ಚಾಚಿತ್ತೆಂಬುದು ನಿಮಗೆ ತಿಳಿದಿರಬಹುದು. ತಮಿಳುನಾಡಿನ ತರಂಗಂಬಾಡಿಯಲ್ಲಿ 1620ರಿಂದ ಅವರ ಕೋಟೆಯಿತ್ತು. 1845ರಲ್ಲಿ ಬ್ರಿಟಿಷರಿಗೆ ಮಾರಿದರು. ಅದು ಕೋಪನ್‌ಹೇಗನ್ನಿನ ಕಂಪೆನಿಯ ಕಥೆ, ಏರೋ ದ್ವೀಪದ್ದಲ್ಲ. ಆದ್ದರಿಂದ ಅದನ್ನು ಇಲ್ಲಿಗೇ ಬಿಡುತ್ತೇನೆ.

ಇಂದಿನ ದ್ವೀಪಕ್ಕೆ ಇರುವ ಪ್ರಶ್ನೆ ಬೇರೆ. ಹಡಗುಗಳು ಹೋದವು, ಎಳೆಯರು ಓದಿಗಾಗಿ ಹೊರಗೆ ಹೋದವರು ಮರಳುವುದು ಕಡಿಮೆ. ಊರು ಬರಿಯ ಪ್ರದರ್ಶನದ ಗೊಂಬೆಯಾಗಬಾರದಲ್ಲ! ಅಲ್ಲಿಯವರು ಕೈಕಟ್ಟಿ ಕುಳಿತಿಲ್ಲ. ಮಾರ್ಸ್ತಾಲಿನ ಅಂಚಿನ ಹೊಲಗಳಲ್ಲಿ 33,000 ಚದರ ಮೀಟರಿಗೂ ಮಿಗಿಲಾದ ಸೌರ ಫಲಕಗಳು ನೀರು ಕಾಯಿಸುತ್ತವೆ. ಬೇಸಗೆಯ ಬಿಸಿನೀರನ್ನು 75,000 ಘನ ಮೀಟರಿನ ಮುಚ್ಚಿದ ಹೊಂಡದಲ್ಲಿ ಕೂಡಿಟ್ಟು, ಚಳಿ ಬಂದಾಗ ಕೊಳವೆಗಳ ಮೂಲಕ ಮನೆಮನೆಗೆ ಹರಿಸುತ್ತಾರೆ. 2019ರಲ್ಲಿ 'ಎಲೆನ್' ಎಂಬ ವಿದ್ಯುತ್ ಫೆರ್ರಿ ಸಂಚಾರ ಆರಂಭಿಸಿತು. ಅದರಲ್ಲಿ ಎಣ್ಣೆಯ ಎಂಜಿನ್ನೇ ಇಲ್ಲ, 4.3 ಮೆಗಾವ್ಯಾಟ್-ಗಂಟೆಯ ಬ್ಯಾಟರಿ ಮಾತ್ರ. 2022ರಲ್ಲಿ ಒಂದೇ ಸಲ ತುಂಬಿದ ವಿದ್ಯುತ್ತಿನಿಂದ 92 ಕಿಲೋಮೀಟರ್ ಸಾಗಿ ದಾಖಲೆ ಮಾಡಿತು. ಅದಕ್ಕೆಂದೇ ಗೊತ್ತುಮಾಡಿದ ದಾರಿ ಯಾವುದೆಂದರೆ, ದ್ವೀಪದ ಸೋಬಿಯಿಂದ ಆಲ್ಸ್‌ನ ಫಿನ್ಸ್‌ಹಾವ್‌ಗೆ. 1864ರಲ್ಲಿ ಕಡಿದುಬಿದ್ದ ಅದೇ ಪಶ್ಚಿಮದ ದಾರಿ.

ಇನ್ನೊಂದು ಹೊಸ ಆದಾಯ ಮದುವೆಯದು! ಪರದೇಶದ ಜೋಡಿಗಳು, ವಿಶೇಷವಾಗಿ ಜರ್ಮನಿಯಲ್ಲಿ ಬೇರೆ ಬೇರೆ ದೇಶದ ಪ್ರಜೆಗಳಾಗಿದ್ದು ಕಾಗದಪತ್ರದ ತೊಡಕಿಗೆ ಸಿಲುಕಿದವರು, ಇಲ್ಲಿಗೆ ಬಂದು ಕಾನೂನುಬದ್ಧವಾಗಿ ವಿವಾಹವಾಗುತ್ತಾರೆ. ವರ್ಷಕ್ಕೆ ಸಾವಿರಾರು ಮದುವೆಗಳು. 2019ರಿಂದ ದಾಖಲೆಗಳ ಪರಿಶೀಲನೆ ದ್ವೀಪದವರ ಕೈಯಿಂದ ಕೇಂದ್ರ ಸರ್ಕಾರದ ಕೌಟುಂಬಿಕ ಇಲಾಖೆಗೆ ಹೋಗಿದೆ. ಆದರೆ ಮದುವೆಯ ಗಂಟೆಗಳು ನಿಂತಿಲ್ಲ. ನಮ್ಮ ಸಭೆಯಲ್ಲಿ ಒಂದಿಬ್ಬರು ತಂದೆತಾಯಿಯರು ಈ ಮಾತಿಗೆ ಕಿವಿ ನಿಮಿರಿಸಿದ್ದನ್ನು ಗಮನಿಸಿದೆ. ಅವರಿಗೆ ಛತ್ರದ ಬಾಡಿಗೆ ಉಳಿಯುತ್ತದೆಂದು ಹೇಳಬಲ್ಲೆ, ಅಡಿಗೆಯವರ ಭರವಸೆ ಕೊಡಲಾರೆ. ಸಸ್ಯಾಹಾರಿಗಳಿಗೆ ಅಲ್ಲಿ ರೈ ಬ್ರೆಡ್ಡು, ಚೀಸು, ಆಲೂಗಡ್ಡೆಗಳೇ ಗತಿ.

ಪೇಟೆ ಮತ್ತು ನಾವಿಕರ ಊರಿನ ಪೈಪೋಟಿ ಏನಾಯಿತೆಂದು ಕೇಳುವಿರಾದರೆ, ಎರಡೂ ಬೇರೆ ಬೇರೆ ಪುರಸಭೆಗಳಾಗಿಯೇ ಮುಂದುವರಿದವು. ಇಡೀ ಡೆನ್ಮಾರ್ಕಿನಲ್ಲಿ ಪುರಸಭೆಗಳನ್ನು ವಿಲೀನಗೊಳಿಸಿದ್ದು 2007ರಲ್ಲಿ. ಏರೋದವರು ಅದಕ್ಕೆ ಒಂದು ವರ್ಷ ಮುಂಚೆಯೇ, 2006ರ ಜನವರಿ 1ರಂದು, ತಾವಾಗಿಯೇ ಒಂದಾದರು. ಆಡಳಿತ ಕಚೇರಿ ಏರೋಸ್ಕೋಬಿಂಗಿನಲ್ಲಿದೆ. ನೌಕಾಶಾಲೆಯೂ ಕಡಲಿನ ವಸ್ತುಸಂಗ್ರಹಾಲಯವೂ ಮಾರ್ಸ್ತಾಲಿನಲ್ಲಿವೆ.

ಹೋಗುವವರಿಗೆ ಎರಡು ಮಾತು. ಜೂನ್‌ನಿಂದ ಆಗಸ್ಟ್‌ವರೆಗಿನ ಕಾಲ ಒಳ್ಳೆಯದು. ಕಾರಿನೊಂದಿಗೆ ಹೋಗುವುದಾದರೆ ಫೆರ್ರಿಯಲ್ಲಿ ಜಾಗವನ್ನು ಮುಂಚಿತವಾಗಿ ಕಾದಿರಿಸಬೇಕು. ಕಾರಿಲ್ಲದಿದ್ದರೂ ತೊಂದರೆಯಿಲ್ಲ, ಸೋಬಿಯಿಂದ ಮಾರ್ಸ್ತಾಲಿನವರೆಗೆ ಓಡುವ ದ್ವೀಪದ ಬಸ್ಸಿನಲ್ಲಿ ಟಿಕೆಟ್ ಕೇಳುವವರಿಲ್ಲ. ಬೆಳಗಿನ ಫೆರ್ರಿಯಲ್ಲಿ ಬಂದು ಸಂಜೆಯದರಲ್ಲಿ ಮರಳುವ ಅವಸರ ಬೇಡ. ಹಗಲು ಬಂದವರು ಹೊರಟುಹೋದ ಮೇಲೆ ಏರೋಸ್ಕೋಬಿಂಗಿನ ಪಶ್ಚಿಮದ ಮರಳಿನ ದಂಡೆಗೆ ನಡೆಯಿರಿ. ಅಲ್ಲಿ ಬಣ್ಣಬಣ್ಣದ ಪುಟ್ಟ ಸ್ನಾನದ ಗುಡಿಸಲುಗಳ ಸಾಲಿದೆ; ಉತ್ತರದ ಬೇಸಗೆಯಲ್ಲಿ ರಾತ್ರಿ ಹತ್ತರವರೆಗೂ ಬೆಳಕಿರುತ್ತದೆ. ಮರುದಿನ ಬೆಳಿಗ್ಗೆ ಬಸ್ಸು ಹಿಡಿದು ಮಾರ್ಸ್ತಾಲಿಗೆ ಹೋಗಿ ಆ ಕಲ್ಲಿನ ಗೋಡೆಯನ್ನು ನೋಡಿಕೊಂಡು ಬನ್ನಿ.